ಆತ್ಮಹತ್ಯೆ ತಡೆಗೆ ತರಗತಿಯಲ್ಲಿ ಸಿನಿಮಾ ತೋರಿಸಬೇಕೆ?

ಪರ

ಮನಸ್ಸಿನ ಸಂಕಟವನ್ನು ‘ನನಗೆ’ ಎಂದು ಹೇಳಿಕೊಳ್ಳುವುದು ಕಷ್ಟ, ‘ಅವಳಿಗೆ’ ಎಂದು ಹೇಳುವುದು ಸುಲಭ. ಸಿನಿಮಾ ತೋರಿಸಿ ವಿದ್ಯಾರ್ಥಿಗಳನ್ನು ಮಾತಿಗೆಳೆಯುವ ವಿಧಾನ ನಿಂತಿರುವುದು ಇದರ ಮೇಲೆಯೇ. ಗೌರಿಬಿದನೂರು ತಾಲ್ಲೂಕಿನ ನಗರಗೆರೆಯಂಥ ಗಡಿ ಹೋಬಳಿಯಲ್ಲಿ ಇದರ ಅಗತ್ಯ ಇನ್ನೂ ಹೆಚ್ಚು. ಅಲ್ಲಿನ ಅನೇಕ ಮನೆಗಳಲ್ಲಿ ಮಾತು ತೆಲುಗು, ಶಾಲೆಯಲ್ಲಿ ಕನ್ನಡ, ಕಾಲೇಜಿನ ಪುಸ್ತಕ ಇಂಗ್ಲಿಷ್. ‘ಖಿನ್ನತೆ’ ಎಂಬ ಪದ ಈ ಮೂರರಲ್ಲೂ ಮಗುವಿನ ನಾಲಿಗೆಗೆ ಬರುವುದಿಲ್ಲ. ಬರುವುದು ‘ಬೇಜಾರು’ ಒಂದೇ. ‘ಏನಾಯ್ತೋ?’ ಎಂದು ಮೇಷ್ಟ್ರು ಕೇಳಿದರೆ ‘ಏನಿಲ್ಲ ಸಾರ್’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅದೇ ಹುಡುಗ ಸಿನಿಮಾ ಮುಗಿದ ಮೇಲೆ, ‘ಅವಳು ಊಟ ಬಿಟ್ಟಿದ್ದನ್ನ ಮನೇಲಿ ಯಾರೂ ನೋಡ್ಲೇ ಇಲ್ವಾ ಸಾರ್?’ ಎಂದು ಕೇಳಬಲ್ಲ. ಕೇಳಿದ್ದು ಪಾತ್ರದ ಬಗ್ಗೆ. ಆದರೆ ಆ ಪ್ರಶ್ನೆ ಎಲ್ಲಿಂದ ಬಂತೆಂದು ಕಿವಿಗೊಟ್ಟ ಶಿಕ್ಷಕರಿಗೆ ಗೊತ್ತಾಗುತ್ತದೆ.

ಕನ್ನಡಕ್ಕೆ ಇದು ಹೊಸ ಹಾದಿಯಲ್ಲ. ತ್ರಿವೇಣಿಯವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ ‘ಶರಪಂಜರ’ 1970ರ ದಶಕದಲ್ಲೇ ಮಾನಸಿಕ ಕಾಯಿಲೆಯನ್ನು ಮನೆಮಾತಾಗಿಸಿತು. ಚಿಕಿತ್ಸೆ ಪಡೆದು ಗುಣವಾಗಿ ಬಂದ ನಾಯಕಿ ಕಾವೇರಿಯನ್ನು ಸುತ್ತಲಿನವರು ಹುಚ್ಚಿ ಎಂದೇ ಕಾಣುತ್ತಾರೆ, ಆ ನೋಟವೇ ಅವಳನ್ನು ಮತ್ತೆ ಕೆಡವುತ್ತದೆ. ನಟಿ ಕಲ್ಪನಾ ಅವರ ಮುಖದಲ್ಲಿ ಅದನ್ನು ಕಂಡವರಿಗೆ ಕಳಂಕ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ‘ಕಾವೇರಿ ಮನೆಗೆ ಬಂದ ದಿನ ನೀವು ಪಕ್ಕದ ಮನೆಯಲ್ಲಿದ್ದಿದ್ದರೆ ಏನು ಮಾತಾಡುತ್ತಿದ್ದಿರಿ?’ ಪಿಯು ತರಗತಿಯಲ್ಲಿ ಈ ಒಂದು ಪ್ರಶ್ನೆ ಇಟ್ಟರೆ, ಎಷ್ಟೋ ಉಪನ್ಯಾಸ ಮಾಡಲಾಗದ ಕೆಲಸ ಆಗುತ್ತದೆ.

ಆತ್ಮಹತ್ಯೆಯ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯಕ್ಕೆ ಆಧಾರವಿಲ್ಲ ಎಂಬುದನ್ನು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಸಂಕಟದಿಂದ ಪಾರಾದವರ ಕಥೆಗಳು ಜೀವ ಉಳಿಸಬಲ್ಲವೆಂಬ ಸೂಚನೆ 2010ರಲ್ಲಿ ಪ್ರಕಟವಾದ ಆಸ್ಟ್ರಿಯಾದ ಸಂಶೋಧನೆಯಲ್ಲಿ ಸಿಕ್ಕಿತು. ಮೊಟ್ಸಾರ್ಟನ ಗೀತನಾಟಕದಲ್ಲಿ ಮೂವರು ಬಾಲಕರ ಮಾತು ಕೇಳಿ ಬದುಕಿಕೊಳ್ಳುವ ಪಾತ್ರದ ಹೆಸರಿನಿಂದ ಅದನ್ನು ಪಾಪಗೇನೊ ಪರಿಣಾಮ ಎನ್ನುತ್ತಾರೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ 2022ರಲ್ಲಿ ಆತ್ಮಹತ್ಯೆಯಿಂದ ಸತ್ತ ವಿದ್ಯಾರ್ಥಿಗಳು 13,044. ಸುಮ್ಮನಿರುವುದೇ ಕ್ಷೇಮ ಎಂಬ ವಾದ ಈ ಸಂಖ್ಯೆಯ ಮುಂದೆ ನಿಲ್ಲುವುದಿಲ್ಲ.

ವಿರೋಧ

ಮೊದಲ ಆಕ್ಷೇಪ ಅನುಕರಣೆಯದು. ಪಶ್ಚಿಮ ಜರ್ಮನಿಯಲ್ಲಿ 1981ರಲ್ಲಿ ವಿದ್ಯಾರ್ಥಿಯೊಬ್ಬನ ಆತ್ಮಹತ್ಯೆ ಕುರಿತ ಟಿ.ವಿ. ಧಾರಾವಾಹಿ ಬಂತು, ಮರುವರ್ಷ ಮರುಪ್ರಸಾರವೂ ಆಯಿತು. ಎರಡೂ ಸಲ ಅದೇ ವಯಸ್ಸಿನ ಹುಡುಗರಲ್ಲಿ ಅದೇ ಬಗೆಯ ಸಾವುಗಳು ಹೆಚ್ಚಿದ್ದನ್ನು ಸಂಶೋಧಕರು ದಾಖಲಿಸಿದರು. 2017ರ ‘ಥರ್ಟೀನ್ ರೀಸನ್ಸ್ ವೈ’ ಸರಣಿಯ ಸಾವಿನ ದೃಶ್ಯವನ್ನು ನೆಟ್‌ಫ್ಲಿಕ್ಸ್ ಎರಡು ವರ್ಷದ ಬಳಿಕ ಕತ್ತರಿಸಿತು. ವಿಧಾನ ತೋರಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಚಿತ್ರ ತಯಾರಕರಿಗೆ ಹೇಳಿದೆ.

ಎರಡನೆಯದು ಆಯ್ಕೆಯ ತೊಡಕು. ಪ್ರವೇಶ ಪರೀಕ್ಷೆಯಲ್ಲಿ ಸೋತ ಮಗನಿಗೆ ತಂದೆ ಧೈರ್ಯ ತುಂಬುವ ಹಿಂದಿ ಚಿತ್ರ ‘ಛಿಛೋರೆ’ (2019) ಮೇಲ್ನೋಟಕ್ಕೆ ಸೂಕ್ತ. ಆದರೆ ತಂದೆಯ ಪಾತ್ರ ಮಾಡಿದ ಸುಶಾಂತ್ ಸಿಂಗ್ ರಜಪೂತ್ 2020ರ ಜೂನ್‌ನಲ್ಲಿ ತೀರಿಕೊಂಡರು. ಆಗಿನ ಸುದ್ದಿವಾಹಿನಿಗಳ ಅಬ್ಬರ ನೆನಪಿರುವ ತರಗತಿಯಲ್ಲಿ ಚರ್ಚೆ ಚಿತ್ರ ಬಿಟ್ಟು ಆ ಕಡೆಗೇ ಹೊರಳುತ್ತದೆ.

ಮೂರನೆಯದು, ಪರದೆ ಮಡಿಸಿದ ಮೇಲಿನ ಹೊಣೆ. 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳಲ್ಲಿ ಆಪ್ತಸಮಾಲೋಚಕರು ಇರಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಷ್ಟು ಮಕ್ಕಳಿಲ್ಲದ ಹಳ್ಳಿ ಶಾಲೆಗಳು ಹೊರಗಿನ ತಜ್ಞರನ್ನೇ ನೆಚ್ಚಬೇಕು. ಮನಸ್ಸು ತೆರೆದ ಹುಡುಗಿಯ ಮಾತಿಗೆ ಅಂದೇ ಸಂಜೆ ಕಿವಿಯಾಗುವವರಿಲ್ಲದಿದ್ದರೆ ತೆರೆಸದಿರುವುದೇ ಮೇಲು.

ನಾಲ್ಕನೆಯದು ವ್ಯವಸ್ಥೆಯದು. 2024ರಲ್ಲಿ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯು ಎರಡಕ್ಕೂ ವರ್ಷಕ್ಕೆ ಮೂರು ಪರೀಕ್ಷೆ ನಡೆಸುವ ಪದ್ಧತಿ ಬಂತು. ಭಯ ತಗ್ಗಿಸಲು ಇಂಥ ಬದಲಾವಣೆಗಳೇ ನೇರ ದಾರಿ.

ಆದರೂ ಮೊಬೈಲಿನಲ್ಲಿ ಇಂಥ ಚಿತ್ರಗಳನ್ನು ಮಕ್ಕಳು ರಾತ್ರಿ ಒಬ್ಬೊಬ್ಬರೇ ನೋಡುತ್ತಿದ್ದಾರೆ. ಅದಕ್ಕಿಂತ ಹಗಲು ಹತ್ತು ಜನರ ಜೊತೆ ಕೂತು ನೋಡುವುದು ವಾಸಿ ಎಂಬುದನ್ನು ವಿರೋಧಿಗಳೂ ಅಲ್ಲಗಳೆಯಲಾರರು. ತೋರಿಸುವುದೇ ಆದರೆ ಶಿಕ್ಷಕರು ಚಿತ್ರವನ್ನು ಮೊದಲೇ ಪೂರ್ತಿ ನೋಡಿರಬೇಕು. ಫಲಿತಾಂಶದ ವಾರ ತೋರಿಸಬಾರದು. ನಡುವೆ ಎದ್ದು ಹೋದ ಮಗುವಿನ ಹಿಂದೆ ಒಬ್ಬರು ಹೋಗಬೇಕು. ಟೆಲಿ-ಮಾನಸ್‌ನ ಉಚಿತ ಸಂಖ್ಯೆ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡುವವರು ಸಿಗುತ್ತಾರೆ. ಆ ಸಂಖ್ಯೆ ಚಿತ್ರ ಶುರುವಾಗುವ ಮೊದಲೇ ಕಪ್ಪುಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿರಬೇಕು, ಮರುದಿನವೂ ಅದನ್ನು ಒರೆಸಬಾರದು.