ಮನೆ ಕೊಳ್ಳುವ ಮುನ್ನ ಶಾಲೆಯ ದಾರಿ ನಡೆದು ನೋಡಿ



ಕಾಸರಗೋಡು ಪೇಟೆಯಲ್ಲೋ ಅದರ ಹೊರವಲಯದಲ್ಲೋ ಮನೆ ಕೊಳ್ಳಲು ಹೊರಟ ನಮ್ಮವರು ಏನೇನು ವಿಚಾರಿಸುತ್ತಾರೆಂಬುದು ನಿಮಗೆ ತಿಳಿದದ್ದೇ. ಸೆಂಟಿಗೆ ಬೆಲೆಯೆಷ್ಟು? ದಾಖಲೆಪತ್ರ ಸರಿಯಿದೆಯೇ? ಅಂಗಳದವರೆಗೆ ಕಾರು ಬರುವುದೇ? ಬೇಸಗೆಯಲ್ಲಿ ಬಾವಿ ಬತ್ತುವುದೇ? ಚಂದ್ರಗಿರಿ ಹೊಳೆಯ ಬದಿಯಾದರೆ ನೀರು ಉಪ್ಪಾಗುವುದೇ? ವಾಸ್ತು ನೋಡಲು ಒಬ್ಬರನ್ನು ಕರೆತರುತ್ತಾರೆ, ಸಾಲದ ಲೆಕ್ಕ ಹಾಕಲು ಇನ್ನೊಬ್ಬರನ್ನು. ಒಂದು ಪ್ರಶ್ನೆ ಮಾತ್ರ ಯಾರ ಬಾಯಿಂದಲೂ ಹೊರಡುವುದಿಲ್ಲ: ಇಲ್ಲಿಂದ ಕನ್ನಡ ತರಗತಿ ಎಷ್ಟು ದೂರ?

ಮನೆ ಕೊಂಡಾಗ ನಾನೂ ಕೇಳಲಿಲ್ಲ. ಹಳೆಯ ಮನೆಯಿಂದ ಕನ್ನಡ ಶಾಲೆಗೆ ಗದ್ದೆಯ ಹುಣಿಯ ಮೇಲೆ ಹತ್ತು ನಿಮಿಷದ ನಡಿಗೆ. ಹೊಸ ಮನೆಗೆ ಸಮೀಪದ ಶಾಲೆಯಲ್ಲಿ ಕನ್ನಡ ವಿಭಾಗವಿರಲಿಲ್ಲ. ಇದ್ದ ಶಾಲೆಗೆ ಎರಡು ಬಸ್ಸು ಬದಲಿಸಬೇಕಿತ್ತು. ಆರು ವರ್ಷದ ಮಗುವನ್ನು ಹಾಗೆ ಕಳುಹಿಸುವ ಧೈರ್ಯ ನಮಗಿರಲಿಲ್ಲ. ಮಗಳು ಮನೆಬಾಗಿಲಿಗೆ ಬರುವ ಇಂಗ್ಲಿಷ್ ಮಾಧ್ಯಮ ಶಾಲೆಯ ವಾಹನ ಹತ್ತಿದಳು. ಇಂದು ಅವಳು ಕನ್ನಡವನ್ನು ಚೆನ್ನಾಗಿಯೇ ಮಾತಾಡುತ್ತಾಳೆ. ಅಜ್ಜ ಬರೆದಿಟ್ಟ ದಿನಚರಿಯ ಒಂದು ಸಾಲನ್ನೂ ಓದಲಾರಳು. ಇದಕ್ಕೆ ಸರಕಾರವನ್ನು ದೂರಲು ನನಗೆ ಬಾಯಿಲ್ಲ. ಮುಂಗಡ ಹಣ ಕೊಟ್ಟ ದಿನವೇ ಅವಳ ಕಲಿಕೆಯ ಭಾಷೆಯೂ ನಿಶ್ಚಯವಾಗಿ ಹೋಗಿತ್ತು.

ಈ ನಷ್ಟ ಒಂದು ಮನೆಯೊಳಗೆ ಮುಗಿಯುವುದಿಲ್ಲ. ಕೇರಳದಲ್ಲಿ ಜೂನ್ ತಿಂಗಳಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನ ಮಕ್ಕಳ ತಲೆ ಎಣಿಸುತ್ತಾರೆ. ತರಗತಿಯ ವಿಭಾಗಗಳೂ ಅಧ್ಯಾಪಕರ ಹುದ್ದೆಗಳೂ ಆ ಎಣಿಕೆಯ ಮೇಲೆಯೇ ನಿಂತಿವೆ. ನಾನು ಮನೆ ಬದಲಿಸಿದಾಗ ಹಳೆಯ ಶಾಲೆಯ ಎಣಿಕೆಯಲ್ಲಿ ಒಂದು ತಲೆ ಕಡಿಮೆಯಾಯಿತು. ಹೊಸ ಕಡೆ ಯಾವ ಕನ್ನಡ ಶಾಲೆಗೂ ಒಂದು ತಲೆ ಹೆಚ್ಚಲಿಲ್ಲ. ಹೀಗೆ ಹತ್ತು ಮನೆಯವರು ಹತ್ತು ದಿಕ್ಕಿಗೆ ಹೋದರೆ ಒಂದು ವಿಭಾಗವೇ ಇಲ್ಲವಾಗುತ್ತದೆ. ಆಮೇಲೆ ನಾವೇ ಸಭೆ ಸೇರಿ ಕನ್ನಡ ಶಾಲೆ ಮುಚ್ಚಿತೆಂದು ಖಂಡನಾ ನಿರ್ಣಯ ಅಂಗೀಕರಿಸುತ್ತೇವೆ!

ಕಾನೂನು ನಮ್ಮ ಪರವಾಗಿಲ್ಲವೆಂದಲ್ಲ. ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದರೆ ಅವರ ಮಾತೃಭಾಷೆಯಲ್ಲಿ ಕಲಿಸುವ ಅಧ್ಯಾಪಕರನ್ನು ಒದಗಿಸಬೇಕೆಂದು 1949ರಲ್ಲಿ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನವೇ ಒಪ್ಪಿತ್ತು. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಲು ಯತ್ನಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. ಆದರೆ ಆ ಹತ್ತು ಮಕ್ಕಳು ಒಂದೇ ಶಾಲೆಯ ನಡಿಗೆಯ ದೂರದಲ್ಲಿ ಇರಬೇಕಲ್ಲವೇ? ಚದುರಿಹೋದವರಿಗೆ ಯಾವ ವಿಧಿ ರಕ್ಷಣೆ ಕೊಟ್ಟೀತು?

1956ರ ಗಡಿರೇಖೆ ನಮ್ಮನ್ನು ಕೇಳಿ ಎಳೆದದ್ದಲ್ಲ. ಚಂದ್ರಗಿರಿಯ ಉತ್ತರ ಭಾಗ ಕರ್ನಾಟಕಕ್ಕೆ ಸೇರಬೇಕೆಂದ 1967ರ ಮಹಾಜನ ವರದಿ ಜಾರಿಯಾಗದೆ ಉಳಿದುದೂ ನಮ್ಮ ಕೈಮೀರಿದ ಮಾತು. ಯಾವ ಬೀದಿಯಲ್ಲಿ ಮನೆ ಕೊಳ್ಳಬೇಕೆಂಬುದು ಮಾತ್ರ ನಮ್ಮ ಕೈಯಲ್ಲೇ ಇದೆ. ಅದನ್ನೂ ನಾವು ದಲ್ಲಾಳಿಗೆ ಬಿಟ್ಟುಕೊಟ್ಟಿದ್ದೇವೆ.

ಮುಂದೆ ಮಾರುವಾಗ ಬೆಲೆ ಬರಬೇಡವೇ ಎಂದು ನೀವು ಕೇಳಬಹುದು. ಮನೆ ಮಾರುವುದು ಹೆಚ್ಚೆಂದರೆ ಒಮ್ಮೆ. ಮಗು ಶಾಲೆಗೆ ನಡೆಯುವುದು ಹತ್ತು ವರ್ಷ. ಕನ್ನಡಿಗರದೇ ಕೇರಿ ಕಟ್ಟಲು ಹೇಳುತ್ತಿದ್ದೀರಾ ಎಂದೂ ಕೇಳಬಹುದು. ಇಲ್ಲ. ನೆರೆಮನೆಯವರು ಮಲಯಾಳವನ್ನೋ ತುಳುವನ್ನೋ ಬ್ಯಾರಿಯನ್ನೋ ಆಡಲಿ, ಸಂತೋಷ; ಬಹುಭಾಷೆಯ ಬೀದಿಯಲ್ಲಿ ಬೆಳೆಯುವುದೇ ಈ ನಾಡಿನ ಭಾಗ್ಯ. ನಾನು ಅಳೆಯಲು ಹೇಳುವುದು ಶಾಲೆಯ ದೂರವನ್ನು. ಬಾಡಿಗೆಮನೆಯವರಿಗೂ ಪಾಲಿಗೆ ಬಂದ ಐದು ಸೆಂಟಿನಲ್ಲೇ ಮನೆ ಕಟ್ಟಬೇಕಾದವರಿಗೂ ಈ ಮಾತು ಅನ್ವಯಿಸದು. ಆಯ್ಕೆಯಿರುವವರ ಹೊಣೆಯೇ ಹೆಚ್ಚು.

ಆದುದರಿಂದ ಮುಂಗಡ ಕೊಡುವ ಮೊದಲು ಒಂದು ಕೆಲಸದ ದಿನ ಶಾಲೆಗೆ ಹೋಗಿ. ಕನ್ನಡ ವಿಭಾಗ ಯಾವ ತರಗತಿಯವರೆಗೆ ಇದೆ, ಒಂದನೆಯ ತರಗತಿಯಲ್ಲಿ ಎಷ್ಟು ಮಕ್ಕಳಿದ್ದಾರೆ ಎಂದು ವಿಚಾರಿಸಿ. ಅಧ್ಯಾಪಕರೊಡನೆ ಕನ್ನಡದಲ್ಲೇ ಮಾತಾಡಿ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮಕ್ಕೆ ನೇಮಿಸಿದ್ದನ್ನು ನಾವೆಲ್ಲ ಪ್ರತಿಭಟಿಸಿದವರೇ. ಬಳಿಕ ಆ ದಾರಿಯನ್ನು ಮಗುವಿನ ಕೈಹಿಡಿದು ನಡೆಯಿರಿ. ಷಟ್ಪಥ ಹೆದ್ದಾರಿ ಬಂದ ಮೇಲೆ ನಕ್ಷೆಯಲ್ಲಿ ಎದುರಿಗೇ ಕಾಣುವ ಶಾಲೆಗೆ ಕೆಳಸೇತುವೆ ಹುಡುಕಿ ಸುತ್ತುಬಳಸಬೇಕಾದೀತು. ನಕ್ಷೆ ತೋರಿಸದ ಆ ದೂರವನ್ನು ಮಗುವಿನ ಕಾಲು ಹೇಳುತ್ತದೆ.

ಸೊಲ್ಲಾಪುರದ, ಹೊಸೂರಿನ ಹೊಸ ಬಡಾವಣೆಗಳಲ್ಲಿ ನಿವೇಶನ ನೋಡುತ್ತಿರುವ ಬಂಧುಗಳಿಗೂ ನನ್ನ ವಿನಂತಿ ಇದೇ. ಬಾವಿಯ ನೀರನ್ನು ಕುಡಿದು ನೋಡಿದಂತೆ ಶಾಲೆಯ ದಾರಿಯನ್ನೂ ನಡೆದು ನೋಡಿ. ನೀರು ಉಪ್ಪಾದರೆ ನಲ್ಲಿ ಹಾಕಿಸಬಹುದು. ಮುಚ್ಚಿದ ತರಗತಿಯನ್ನು ಮತ್ತೆ ತೆರೆಸಿದ್ದನ್ನು ನಾನಂತೂ ಕಂಡಿಲ್ಲ.