ವಿದೇಶಯಾತ್ರಿಕರ ಧನಬಲದ ಸಾಕ್ಷ್ಯವನ್ನು ಕುರಿತು ಕೆ.ಬಿ. ಬಡಾವಣೆಯ ನಿವಾಸಿಗಳ ಮನವಿ ಪತ್ರ

ಇವರಿಗೆ,
ಮಾನ್ಯ ಕಾರ್ಯದರ್ಶಿಗಳವರು,
ವಿದೇಶಾಂಗ ವ್ಯವಹಾರಗಳ ಸಚಿವಾಲಯ,
ಭಾರತ ಸರ್ಕಾರ, ನವದೆಹಲಿ.
(ಮಾನ್ಯ ಜಿಲ್ಲಾಧಿಕಾರಿಗಳವರು, ದಾವಣಗೆರೆ ಜಿಲ್ಲೆ, ಇವರ ಮುಖಾಂತರ)

ವಿಷಯ: ಪರದೇಶಪ್ರವೇಶಕ್ಕೆ ಕೇಳಲಾಗುವ ಹಣಕಾಸಿನ ಪುರಾವೆಯಲ್ಲಿ ಕೃಷಿಕರ, ಪಿಂಚಣಿದಾರರ ಮತ್ತು ಅವಿಭಕ್ತ ಕುಟುಂಬದವರ ಆಸ್ತಿಯನ್ನು ಪರಿಗಣಿಸುವಂತೆ ಏರ್ಪಾಡು ಮಾಡಬೇಕೆಂಬ ಕೋರಿಕೆ.

ಮಹಾಶಯರೇ,

ದಾವಣಗೆರೆ ನಗರದ ಕೆ.ಬಿ. ಬಡಾವಣೆಯ ನಿವಾಸಿಗಳೂ, ನಿವೃತ್ತ ಉಪಾಧ್ಯಾಯರು, ದಲ್ಲಾಳಿ ಮಂಡಿಯ ವರ್ತಕರು, ಭದ್ರಾ ಅಚ್ಚುಕಟ್ಟಿನಲ್ಲಿ ಗದ್ದೆ ತೋಟಗಳನ್ನುಳ್ಳ ಕೃಷಿಕರು ಮೊದಲಾಗಿ ನಾನಾ ವೃತ್ತಿಯವರೂ ಆದ ನಾವು, ತಮ್ಮಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ಪರರಾಷ್ಟ್ರವನ್ನು ಪ್ರವೇಶಿಸಬಯಸುವ ಯಾತ್ರಿಕನು ಅಲ್ಲಿ ತಂಗುವಷ್ಟು ದಿನ ತನ್ನ ಅಶನವಸನಗಳ ವೆಚ್ಚವನ್ನು ಭರಿಸಲು ಶಕ್ತನೆಂಬುದಕ್ಕೆ ಸಾಕ್ಷ್ಯವನ್ನು ಒದಗಿಸತಕ್ಕದ್ದೆಂದು ಬಹುತೇಕ ರಾಷ್ಟ್ರಗಳು ವಿಧಿಸಿರುವ ನಿಯಮವು, ಉದ್ದೇಶದಲ್ಲಿ ನ್ಯಾಯವಾದುದೇ ಆಗಿದ್ದರೂ, ಆ ಸಾಕ್ಷ್ಯವು ಬ್ಯಾಂಕಿನ ಲೆಕ್ಕಪಟ್ಟಿಯ ರೂಪದಲ್ಲಿಯೇ ಇರಬೇಕೆಂಬ ರೂಢಿಯಿಂದಾಗಿ, ಉಳ್ಳವರನ್ನೂ ಇಲ್ಲದವರ ಸಾಲಿನಲ್ಲಿ ನಿಲ್ಲಿಸುತ್ತಿದೆ. ಇದರ ಪರಿಹಾರವು ಬಹುಮಟ್ಟಿಗೆ ತಮ್ಮ ಸಚಿವಾಲಯದ ಕೈಯಲ್ಲಿದೆಯೆಂದು ನಂಬಿ ಈ ಮನವಿಯನ್ನು ಸಲ್ಲಿಸುತ್ತಿದ್ದೇವೆ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕಾಗಿದೆ. ಬಂದ ಅತಿಥಿಯು ತನ್ನ ಬೊಕ್ಕಸಕ್ಕೆ ಭಾರವಾಗದಿರಲೆಂದು ಯಾವ ರಾಷ್ಟ್ರವಾದರೂ ಬಯಸುವುದು ಸಹಜವೆಂಬುದನ್ನು ನಾವು ಅಲ್ಲಗಳೆಯುವವರಲ್ಲ. ನಮ್ಮ ಸರ್ಕಾರವೇ ಇ-ವೀಸಾ ಪಡೆದು ಬರುವ ಪರಕೀಯನ ಬಳಿ ಹಿಂದಿರುಗುವ ಟಿಕೀಟೂ ಇಲ್ಲಿಯ ವಾಸಕ್ಕೆ ಸಾಲುವಷ್ಟು ಹಣವೂ ಇರಬೇಕೆಂದು ಸೂಚಿಸಿರುವಾಗ, ಇತರರು ಅದನ್ನೇ ನಮ್ಮಿಂದ ಕೇಳಿದರೆ ಕೋಪಿಸಿಕೊಳ್ಳುವುದು ಸಲ್ಲದು. ಆಕ್ಷೇಪವಿರುವುದು ಕೇಳಿಕೆಯ ವಿಷಯದಲ್ಲಲ್ಲ, ಅಳತೆಯ ವಿಷಯದಲ್ಲಿ.

ಈ ಅಳತೆಯು ನಿಷ್ಪಕ್ಷಪಾತವಾಗಿಯೇ ಇರುತ್ತದೆಂದು ನಂಬಲು ಇತಿಹಾಸವು ಅವಕಾಶ ಕೊಡುವುದಿಲ್ಲ. ಕೆನಡಾ ದೇಶವು ೧೯೦೮ರಲ್ಲಿ ಏಷ್ಯಾದಿಂದ ಬರುವ ವಲಸೆಗಾರನು ದಡವಿಳಿಯುವಾಗ ೨೦೦ ಡಾಲರುಗಳನ್ನು ತೋರಿಸಬೇಕೆಂದು ಆಜ್ಞಾಪಿಸಿತು. ಆ ಮೊತ್ತವು ಅಂದಿನ ಕೂಲಿಕಾರನಿಗೆ ಎಟುಕದ್ದೆಂಬುದನ್ನು ಅರಿತೇ ಅದನ್ನು ಗೊತ್ತುಮಾಡಿದ್ದರು. ೧೯೧೪ರ ಮೇ ತಿಂಗಳಲ್ಲಿ ೩೭೬ ಪ್ರಯಾಣಿಕರನ್ನು ಹೊತ್ತು ವ್ಯಾಂಕೂವರ್ ಬಂದರನ್ನು ತಲಪಿದ ಕೊಮಗಾಟ ಮಾರು ಹಡಗು, ಈ ನಿಯಮಕ್ಕೂ, ಸ್ವದೇಶದಿಂದ ಎಲ್ಲಿಯೂ ಇಳಿಯದೆ ನೇರವಾಗಿಯೇ ಬರಬೇಕೆಂಬ ಇನ್ನೊಂದು ನಿಯಮಕ್ಕೂ ಸಿಲುಕಿ, ಎರಡು ತಿಂಗಳು ನೀರಿನ ಮೇಲೆ ನಿಂತು, ಜುಲೈ ೨೩ರಂದು ಹಿಂದಿರುಗಬೇಕಾಯಿತು. ಆ ದೇಶದ ಪ್ರಧಾನಿಯು ಅದಕ್ಕಾಗಿ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು ೨೦೧೬ರಲ್ಲಿ. ಇನ್ನು ನಮ್ಮ ಸರ್ಕಾರವೂ ಒಂದು ಕಾಲಕ್ಕೆ ವಿದೇಶೀ ವಿನಿಮಯದ ಅಭಾವದಿಂದ ತನ್ನ ಪ್ರಜೆಗಳನ್ನು ಬರಿಗೈಯಲ್ಲೇ ಕಳುಹಿಸುತ್ತಿತ್ತು: ೧೯೬೦–೭೦ರ ದಶಕಗಳಲ್ಲಿ ಜೇಬಿನಲ್ಲಿ ಎಂಟು ಡಾಲರುಗಳನ್ನಿಟ್ಟುಕೊಂಡು ವಿಮಾನವೇರಿದ ಹಿರಿಯರ ಕಥೆಗಳು ಅನೇಕ ಮನೆಗಳಲ್ಲಿ ಇಂದಿಗೂ ಉಳಿದಿವೆ. ಇಂದು ಅದೇ ಪ್ರಜೆಯು ವರ್ಷವೊಂದಕ್ಕೆ ಎರಡೂವರೆ ಲಕ್ಷ ಡಾಲರುಗಳವರೆಗೆ ಹೊರಗೆ ಕಳುಹಿಸಬಹುದಾದರೂ, ತಾನು ಹಣವಂತನೆಂದು ಹೊರಗಿನವರಿಗೆ ನಂಬಿಸುವುದೇ ದುಸ್ತರವಾಗಿದೆ.

ನಮ್ಮಲ್ಲಿ ಹೊರದೇಶಕ್ಕೆ ಹೊರಡುವವರು ಬಹುಪಾಲು ವಿಹಾರಾರ್ಥಿಗಳಲ್ಲ. ೧೯೬೫ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯವೂ ೧೯೭೯ರಲ್ಲಿ ಬಾಪೂಜಿ ಇಂಜಿನಿಯರಿಂಗ್ ಮಹಾವಿದ್ಯಾಲಯವೂ ಈ ಊರಿನಲ್ಲಿ ಸ್ಥಾಪಿತವಾದುದರ ಫಲವಾಗಿ, ಹಿಂದೆ ಹತ್ತಿಗಿರಣಿಯ ಸೈರನ್ನಿಗೆ ಏಳುತ್ತಿದ್ದ ಮನೆಗಳ ಮಕ್ಕಳು ಜರ್ಮನಿ, ಐರ್ಲೆಂಡ್, ಕೆನಡಾ, ಅಮೆರಿಕಗಳಲ್ಲಿ ನೆಲಸಿದ್ದಾರೆ. ಅವರನ್ನು ನೋಡಲು ಹೋಗುವವರು ತಂದೆತಾಯಿಗಳು. ಅವರಲ್ಲಿಯೂ ಅತ್ಯಂತ ಅವಸರದ ಪ್ರಯಾಣವೆಂದರೆ ಬಾಣಂತನದ್ದು. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರುವುದು ನಮ್ಮ ಸಂಪ್ರದಾಯವಾಗಿತ್ತು. ರಜೆ, ವಿಮೆ, ವೈದ್ಯರ ನಿರ್ಬಂಧಗಳಿಂದ ಆಕೆ ಬರಲಾರದಾದಾಗ ತವರೇ ಆಕೆಯಿದ್ದಲ್ಲಿಗೆ ಹೋಗಬೇಕಾಗಿದೆ. ಪೆಟ್ಟಿಗೆಯಲ್ಲಿ ಅಂಟಿನುಂಡೆಯೂ ಕೊಬ್ಬರಿಯೂ ಸಿದ್ಧವಾಗಿದ್ದರೂ, ಆ ತಾಯಿಯ ಸ್ವಂತ ಹೆಸರಿನಲ್ಲಿ ತೋರಿಸಬಹುದಾದ ಖಾತೆಯೇ ಇರುವುದಿಲ್ಲ: ಪಿಂಚಣಿಯು ಯಜಮಾನರ ಹೆಸರಿಗೆ ಬರುತ್ತದೆ, ಜಮೀನು ಮಾವನವರ ಹೆಸರಿನಲ್ಲಿಯೇ ಉಳಿದಿರುತ್ತದೆ, ಆಕೆಯದೆಂದು ಹೇಳಬಹುದಾದ ಬಂಗಾರಕ್ಕೆ ರಸೀದಿಯಿಲ್ಲ. ಮೂವತ್ತು ವರ್ಷ ಸಂಸಾರದ ಲೆಕ್ಕವನ್ನು ಒಂದು ಕಾಸೂ ತಪ್ಪದಂತೆ ತೂಗಿಸಿದ ಗೃಹಿಣಿಯು ವೀಸಾ ಅರ್ಜಿಯ ದೃಷ್ಟಿಯಲ್ಲಿ ನಿರ್ಧನಳೆನಿಸಿಕೊಳ್ಳುತ್ತಾಳೆ.

ಕೃಷಿಕನ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಕೃಷಿಯ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆಯಿಲ್ಲ. ಆದಕಾರಣ ಅದನ್ನೇ ನಂಬಿದವನಿಗೆ ತೋರಿಸಲು ತೆರಿಗೆಯ ವಿವರಪಟ್ಟಿಯೂ ಇಲ್ಲ. ಅವನ ಭೂಮಿಗೆ ಸಾಕ್ಷಿಯಾದ ಪಹಣಿಯು ಕನ್ನಡದಲ್ಲಿದೆ. ಅದರಲ್ಲಿ ಎಕರೆ ಗುಂಟೆಗಳು ಕಾಣುತ್ತವೆಯೇ ಹೊರತು ಬೆಲೆ ಕಾಣುವುದಿಲ್ಲ. ಉಳಿತಾಯದ ಹಣವು ಹಲವೊಮ್ಮೆ ಊರಿನ ಪತ್ತಿನ ಸಹಕಾರ ಸಂಘದಲ್ಲಿರುತ್ತದೆ. ಅದರ ಮುದ್ರೆಯು ದೂರದ ದೂತಾವಾಸದ ಅಧಿಕಾರಿಗೆ ಅಪರಿಚಿತ. ಎಲ್ಲಕ್ಕಿಂತ ವಿಷಾದಕರವಾದ ಸಂಗತಿಯೆಂದರೆ, ಅಡಿಕೆಯೋ ಮೆಕ್ಕೆಜೋಳವೋ ಮಾರಾಟವಾದ ತಿಂಗಳು ವರ್ಷದ ದುಡಿಮೆಯೆಲ್ಲವೂ ಒಂದೇ ಬಾರಿಗೆ ಖಾತೆಗೆ ಜಮೆಯಾಗುವುದರಿಂದ, ಮಾಸಿಕ ಸಂಬಳದ ಕ್ರಮವನ್ನೇ ಕಂಡ ಕಣ್ಣಿಗೆ ಅದು ವೀಸಾಕ್ಕೋಸ್ಕರ ಎಲ್ಲಿಂದಲೋ ತಂದು ತುಂಬಿದ ಹಣವೆಂದು ತೋರುತ್ತದೆ. ಸುಗ್ಗಿಯೇ ಸಂಶಯಕ್ಕೆ ಕಾರಣವಾಗುವುದೆಂದರೆ ಇದಕ್ಕಿಂತ ವೈಪರೀತ್ಯವುಂಟೇ?

ಇದರ ಪರಿಣಾಮವನ್ನೂ ತಮ್ಮ ಗಮನಕ್ಕೆ ತರಬೇಕಾಗಿದೆ. ನಿಜವಾಗಿ ಉಳ್ಳವನು ತನ್ನ ಆಸ್ತಿಯನ್ನು ನಿರೂಪಿಸಲಾರದೆ ನಿಂತಿರುವಾಗ, ಬಡ್ಡಿಗೆ ಹಣವನ್ನು ತಂದು ಕೆಲವು ತಿಂಗಳು ಖಾತೆಯಲ್ಲಿರಿಸಿ, ವೀಸಾ ಮುದ್ರೆ ಬಿದ್ದ ಕೂಡಲೆ ಹಿಂದಕ್ಕೆ ಪಡೆಯುವ ‘ಷೋ ಮನಿ’ ಎಂಬ ವ್ಯವಹಾರವನ್ನು ನಡೆಯಿಸಿಕೊಡುವ ಮಧ್ಯವರ್ತಿಗಳು ಹುಟ್ಟಿಕೊಂಡಿದ್ದಾರೆ. ಸುಳ್ಳು ದಾಖಲೆಯು ಬಯಲಾದಲ್ಲಿ ವರ್ಷಗಟ್ಟಲೆ ಪ್ರವೇಶನಿಷೇಧಕ್ಕೆ ಒಳಗಾಗುವವನು ಅರ್ಜಿದಾರನು. ಮಧ್ಯವರ್ತಿಯ ಕೂದಲೂ ಕೊಂಕುವುದಿಲ್ಲ.

ಪರರಾಷ್ಟ್ರಗಳ ನಿಯಮಗಳನ್ನು ಪರಾಂಬರಿಸಿದರೆ, ದಾರಿಯು ಪೂರ್ತಿಯಾಗಿ ಮುಚ್ಚಿಲ್ಲವೆಂಬುದು ಗೋಚರವಾಗುತ್ತದೆ. ಯುರೋಪಿನ ಷೆಂಗೆನ್ ಒಕ್ಕೂಟದ ಗಡಿಸಂಹಿತೆಯು, ಯಾತ್ರಿಕನಿಗೆ ಸಾಕಾಗುವ ಹಣವನ್ನು ಮಿತವ್ಯಯದ ವಸತಿಯ ಸರಾಸರಿ ದರವನ್ನೂ ತಂಗುವ ದಿನಗಳನ್ನೂ ನೋಡಿ ಅಳೆಯಬೇಕೆಂದು ಹೇಳಿ, ಅತಿಥೇಯನು ಬರೆದುಕೊಟ್ಟ ಹೊಣೆಪತ್ರವನ್ನೂ ಸಾಕ್ಷ್ಯವಾಗಿ ಸ್ವೀಕರಿಸಬಹುದೆಂದು ಸಮ್ಮತಿಸಿದೆ. ಫ್ರಾನ್ಸ್ ದೇಶವು ಹೋಟೆಲಿನಲ್ಲಿ ತಂಗುವವನಿಂದ ದಿನಕ್ಕೆ ೬೫ ಯೂರೋಗಳನ್ನೂ ವಸತಿಯನ್ನು ಮೊದಲೇ ಗೊತ್ತುಮಾಡಿಕೊಳ್ಳದವನಿಂದ ೧೨೦ ಯೂರೋಗಳನ್ನೂ ನಿರೀಕ್ಷಿಸುತ್ತ, ಬಂಧುವಿನ ಮನೆಯಲ್ಲಿ ಇಳಿದುಕೊಳ್ಳುವೆನೆಂದು ಅಲ್ಲಿಯ ಪೌರಾಡಳಿತದ ಪತ್ರವನ್ನು ತಂದವನಿಂದ ೩೨.೫೦ ಯೂರೋಗಳನ್ನಷ್ಟೇ ಕೇಳುತ್ತದೆ. ಕೆನಡಾವು ೨೦೧೧ರ ಡಿಸೆಂಬರಿನಿಂದ ತಂದೆತಾಯಿಗಳಿಗೂ ಅಜ್ಜ ಅಜ್ಜಿಯರಿಗೂ ಕೊಡುತ್ತಿರುವ ಸೂಪರ್ ವೀಸಾದಲ್ಲಿ ಪ್ರಧಾನವಾಗಿ ನೋಡುವುದು ಅಲ್ಲಿರುವ ಮಗನ, ಮಗಳ ಅಥವಾ ಮೊಮ್ಮಕ್ಕಳ ಆದಾಯವನ್ನು. ನಿಯಮವು ಇಷ್ಟು ಉದಾರವಾಗಿರುವಲ್ಲಿಯೂ ಅರ್ಜಿದಾರನಿಗೆ ಅದರ ಅರಿವಿಲ್ಲ. ಅರಿವಿದ್ದವನಿಗೂ ತನ್ನ ಪಹಣಿಯನ್ನು ಅವರಿಗೆ ಅರ್ಥವಾಗುವ ರೂಪಕ್ಕೆ ತರುವ ಸಾಧನವಿಲ್ಲ.

ಆದಕಾರಣ ನಾವು ಪ್ರಾರ್ಥಿಸುವ ಮುಖ್ಯ ವಿಷಯವೆಂದರೆ, ಭೂಮಿಯ ಒಡೆತನ, ಉಪನೋಂದಣಿ ಕಚೇರಿಯ ಮಾರ್ಗಸೂಚಿ ಬೆಲೆಯಂತೆ ಅದರ ಮೌಲ್ಯ, ಬೆಳೆಯ ಸರಾಸರಿ ವಾರ್ಷಿಕ ಉತ್ಪನ್ನ, ಹಣವು ಯಾವ ತಿಂಗಳಲ್ಲಿ ಕೈಸೇರುತ್ತದೆಂಬ ವಿವರ, ಕುಟುಂಬವು ಅವಿಭಕ್ತವಾಗಿದ್ದಲ್ಲಿ ಅರ್ಜಿದಾರರಿಗೆ ಅದರಲ್ಲಿರುವ ಹಕ್ಕು, ಇವಿಷ್ಟನ್ನೂ ಕನ್ನಡ ಇಂಗ್ಲಿಷುಗಳೆರಡರಲ್ಲೂ ತಿಳಿಸುವ ಒಂದೇ ನಮೂನೆಯ ದೃಢೀಕರಣ ಪತ್ರವನ್ನು ತಹಶೀಲ್ದಾರರು ನಾಡಕಚೇರಿಯ ಮೂಲಕ ಕೊಡುವಂತೆ ರಾಜ್ಯ ಸರ್ಕಾರದೊಡನೆ ಸಮಾಲೋಚಿಸಿ ಏರ್ಪಡಿಸಬೇಕು. ಭೂಮಿ ಯೋಜನೆಯಿಂದ ಪಹಣಿಗಳೆಲ್ಲವೂ ಗಣಕಕ್ಕೆ ಸೇರಿರುವ ಈ ರಾಜ್ಯದಲ್ಲಿ ಇದು ಕಷ್ಟಸಾಧ್ಯವಾದ ಕಾರ್ಯವಲ್ಲ. ಭಾರತವು ೨೦೦೫ರಿಂದ ಹೇಗ್ ಅಪೊಸ್ಟಿಲ್ ಒಪ್ಪಂದದಲ್ಲಿರುವುದರಿಂದ ಈ ಪತ್ರಕ್ಕೆ ತಮ್ಮ ಸಚಿವಾಲಯದ ಮುದ್ರೆಯೂ ದೊರೆಯಬಹುದು. ಅಂಥ ಪತ್ರವನ್ನು, ಅನುಸೂಚಿತ ಬ್ಯಾಂಕಿನ ಲೆಕ್ಕಪಟ್ಟಿಗೆ ಪೂರಕವಾದ ಸಾಕ್ಷ್ಯವೆಂದು ದೂತಾವಾಸಗಳು ಪರಿಗಣಿಸುವಂತೆ ತಾವು ಆಯಾ ರಾಷ್ಟ್ರಗಳೊಡನೆ ನಡೆಸುವ ಕಾನ್ಸುಲರ್ ಮಾತುಕತೆಗಳಲ್ಲಿ ಪ್ರಸ್ತಾಪಿಸಬೇಕು. ಸಹಕಾರ ಸಂಘಗಳ ಠೇವಣಿಗಳಿಗೆ ಸಹಕಾರ ಇಲಾಖೆಯ ಮೇಲುಸಹಿಯನ್ನು ದೊರಕಿಸುವ ಕ್ರಮವೂ ಇದರೊಡನೆಯೇ ಆಗಬೇಕು.

ಅದೇ ಮಾತುಕತೆಗಳಲ್ಲಿ, ಮಕ್ಕಳ ಮನೆಗೆ ಹೋಗುವ ತಂದೆತಾಯಿಗಳ ಸಂಬಂಧದಲ್ಲಿ ಅತಿಥೇಯರಾದ ಮಕ್ಕಳ ಹೊಣೆಪತ್ರವನ್ನೇ ಮೊದಲು ನೋಡಬೇಕೆಂದೂ, ಸ್ವಂತ ಆದಾಯವಿಲ್ಲದ ಪತ್ನಿಗೆ ಪತಿಯ ಪಿಂಚಣಿಯ ದಾಖಲೆಯು ಸಲ್ಲಬೇಕೆಂದೂ ಒತ್ತಾಯಿಸಬೇಕು. ವಿಧವೆಯರ ಕುಟುಂಬ ಪಿಂಚಣಿಯ ಮೊತ್ತವು ಅಲ್ಪವಾಗಿರುವುದರಿಂದ ಅವರ ಅರ್ಜಿಗಳಲ್ಲಿ ಮಕ್ಕಳ ಹೊಣೆಪತ್ರಕ್ಕೆ ಹೆಚ್ಚಿನ ಮಹತ್ತ್ವವುಂಟು.

ಅರ್ಜಿಯು ತಿರಸ್ಕೃತವಾದಾಗ ಷೆಂಗೆನ್ ರಾಷ್ಟ್ರಗಳು ಅಚ್ಚುಹಾಕಿಸಿದ ನಮೂನೆಯಲ್ಲಿ ಗುರುತು ಹಾಕಿ ಕಾರಣವನ್ನು ತಿಳಿಸುತ್ತವೆ, ಮೇಲ್ಮನವಿಗೂ ಅವಕಾಶವೀಯುತ್ತವೆ. ಆದರೆ ಹಣಸಾಧನವು ಸಾಬೀತಾಗಿಲ್ಲವೆಂಬ ಒಂದು ಸಾಲಿನಿಂದ, ಸಾಲದೆ ಹೋದುದು ಹಣವೋ ಕಾಗದವೋ ಎಂಬುದು ತಿಳಿಯುವುದಿಲ್ಲ. ೨೦೨೪ರ ಜೂನ್ ತಿಂಗಳಿನಿಂದ ೯೦ ಯೂರೋಗಳಾಗಿರುವ ಶುಲ್ಕವು ಹಿಂದಿರುಗುವುದಿಲ್ಲ. ಬೆರಳಚ್ಚು ಕೊಡಲು ಬೆಂಗಳೂರಿಗೆ, ಅಮೆರಿಕದ ಸಂದರ್ಶನಕ್ಕೆ ಚೆನ್ನೈಗೋ ಹೈದರಾಬಾದಿಗೋ ಹೋಗಿಬಂದ ವೆಚ್ಚ ಬೇರೆ. ದಾಖಲೆಯ ಕೊರತೆಯೊಂದರಿಂದಲೇ ತಿರಸ್ಕೃತವಾದ ಅರ್ಜಿಯನ್ನು ನಿರ್ದಿಷ್ಟ ಅವಧಿಯೊಳಗೆ ಮರುಶುಲ್ಕವಿಲ್ಲದೆ ಪೂರ್ಣಗೊಳಿಸಲು ಅವಕಾಶ ಕೊಡಬೇಕೆಂದು ತಾವು ಕೇಳಿದಲ್ಲಿ ಅದು ಮಿತಿಮೀರಿದ ಬೇಡಿಕೆಯಾಗದೆಂದು ನಮ್ಮ ಭಾವನೆ.

ಯಾವ ರಾಷ್ಟ್ರವು ಎಷ್ಟು ಹಣವನ್ನು, ಎಷ್ಟು ತಿಂಗಳ ಲೆಕ್ಕವನ್ನು, ಯಾವ ವಿಮೆಯನ್ನು ಕೇಳುತ್ತದೆಂಬುದನ್ನು ತಿಳಿಸುವ ಕನ್ನಡದ ಕೈಪಿಡಿಯೊಂದನ್ನು ಹೊರಡಿಸಿ, ದಾವಣಗೆರೆಯ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ದೊರೆಯುವಂತೆ ಮಾಡಬೇಕು. ವಿದ್ಯಾರ್ಥಿಗಳಿಗೆ ಇದು ಇನ್ನೂ ಅವಶ್ಯ: ಜರ್ಮನಿಯಲ್ಲಿ ಓದುವವನು ನಿರ್ಬಂಧಿತ ಖಾತೆಯಲ್ಲಿ ಇರಿಸಬೇಕಾದ ವಾರ್ಷಿಕ ಮೊತ್ತವು ೨೦೨೪ರ ಸೆಪ್ಟೆಂಬರಿನಲ್ಲಿ ೧೧,೨೦೮ರಿಂದ ೧೧,೯೦೪ ಯೂರೋಗಳಿಗೆ ಏರಿತು, ಕೆನಡಾದ ಮೊತ್ತವು ಅದೇ ವರ್ಷದ ಜನವರಿಯಲ್ಲಿ ೧೦,೦೦೦ದಿಂದ ೨೦,೬೩೫ ಡಾಲರುಗಳಿಗೆ ಇಮ್ಮಡಿಗೂ ಮಿಕ್ಕಿ ಜಿಗಿಯಿತು. ತೋಟವನ್ನು ಅಡವಿಟ್ಟು ಸಾಲವೆತ್ತುವ ತಂದೆಗೆ ಇಂಥ ವರ್ತಮಾನವು ಮಧ್ಯವರ್ತಿಯ ಬಾಯಿಂದ ಬರುವುದು ಯೋಗ್ಯವಲ್ಲ.

ಹೊರದೇಶಕ್ಕೆ ಕಳುಹಿಸುವ ಹಣದ ಮೇಲೆ ಮೂಲದಲ್ಲಿಯೇ ವಸೂಲು ಮಾಡುವ ತೆರಿಗೆಯ ವಿಷಯವು ತಮ್ಮ ಸಚಿವಾಲಯದ ವ್ಯಾಪ್ತಿಗೆ ಸೇರಿದುದಲ್ಲವಾದ್ದರಿಂದ ಅದನ್ನಿಲ್ಲಿ ಎತ್ತಿಲ್ಲ. ಹಣಕಾಸು ಸಚಿವಾಲಯಕ್ಕೆ ಪ್ರತ್ಯೇಕವಾಗಿ ಬರೆಯಲಿದ್ದೇವೆ.

ಈ ಮನವಿಯ ಮೇಲೆ ತಾವು ಕೈಗೊಳ್ಳುವ ಕ್ರಮವನ್ನು ಮಾನ್ಯ ಜಿಲ್ಲಾಧಿಕಾರಿಗಳ ಮುಖಾಂತರ ಲಿಖಿತವಾಗಿ ತಿಳಿಯಪಡಿಸಬೇಕಾಗಿಯೂ, ದೃಢೀಕರಣ ಪತ್ರದ ನಮೂನೆಯನ್ನು ಸಿದ್ಧಪಡಿಸುವಾಗ ಈ ಜಿಲ್ಲೆಯ ಕೃಷಿಕರ ಮತ್ತು ಪಿಂಚಣಿದಾರರ ಅಭಿಪ್ರಾಯವನ್ನು ಕೇಳಬೇಕಾಗಿಯೂ ಪ್ರಾರ್ಥಿಸುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಕೆ.ಬಿ. ಬಡಾವಣೆಯ ನಿವಾಸಿಗಳು, ದಾವಣಗೆರೆ
(ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ಮಾನ್ಯ ಲೋಕಸಭಾ ಸದಸ್ಯರು, ದಾವಣಗೆರೆ ಕ್ಷೇತ್ರ, ಕಂದಾಯ ಇಲಾಖೆ ಮತ್ತು ಸಹಕಾರ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು.