ಸೇಫ್ ಸೈಡ್ ಅನ್ನೋ ಸೋಮಾರಿತನ

"ಫುಲ್ಲಿ ಟರ್ಬುಲೆಂಟ್ ಅಂತ ಹಾಕ್ಬಿಡಿ, ಸೇಫ್ ಸೈಡಲ್ಲಿರ್ತೀವಿ."

ಬೆಂಗಳೂರಿನಲ್ಲಿ ಕೂತು ಪರದೇಶದ ಎಂಜಿನ್ನು, ಪಂಪು, ಸರ್ವರುಗಳಿಗೆ ಗಾಳಿ ಮತ್ತು ಶಾಖದ ಲೆಕ್ಕ ಹಾಕಿಕೊಡುವ ಎಷ್ಟೋ ಟೀಮುಗಳಿಗೆ ಈ ಮಾತು ಮಂತ್ರ ಇದ್ದ ಹಾಗೆ. ತಂತ್ರಾಂಶದಲ್ಲಿ ಒಂದು ಮೆನು ಇರುತ್ತೆ. ಹರಿವು ಪದರ ಪದರವಾಗಿ ನಯವಾಗಿ ಸಾಗುವ ಲ್ಯಾಮಿನಾರೋ, ಸುಳಿ ಎದ್ದು ಕದಡಿದ ಟರ್ಬುಲೆಂಟೋ, ಆರಿಸಿಕೊಳ್ಳಿ. ಎರಡರ ನಡುವೆ ಇನ್ನೊಂದು ಸ್ಥಿತಿ ಇದೆ, ಅದರ ಹೆಸರು ಟ್ರಾನ್ಸಿಶನ್. ಅದನ್ನು ಕ್ಲಿಕ್ ಮಾಡೋರೇ ಕಮ್ಮಿ. ನಾನು ಇಂಥ ತಂತ್ರಾಂಶಕ್ಕೇ ಕೋಡ್ ಬರೆಯೋನು. ಡೀಫಾಲ್ಟ್ ಆಯ್ಕೆಯನ್ನು ಇಡೋದು ಲೆಕ್ಕ ಅರ್ಧಕ್ಕೆ ಮುರಿದು ಬೀಳಬಾರದು ಅಂತ. ಉತ್ತರ ಸರಿಯಿದೆಯೋ ಅನ್ನೋದು ಬೇರೆಯೇ ಪ್ರಶ್ನೆ.

ವ್ಯತ್ಯಾಸ ಎಷ್ಟು ಅಂತ ನೋಡಿ. ಗಾಳಿ ಒಂದು ತಗಡಿನ ಮೇಲೆ ಹರಿಯುವಾಗ ತಗಡಿಗೆ ಅಂಟಿದ ಗಾಳಿ ನಿಂತೇ ಇರುತ್ತೆ, ಸ್ವಲ್ಪ ಮೇಲಕ್ಕೆ ಹೋದರೆ ಪೂರ್ತಿ ವೇಗ. ನಡುವಿನ ತೆಳು ಪದರವೇ ಬೌಂಡರಿ ಲೇಯರ್, ಶಾಖ ದಾಟಬೇಕಾದ್ದು ಇದನ್ನೇ. ಬಿಇಯಲ್ಲಿ ಓದಿದ ಎರಡು ಸೂತ್ರಗಳನ್ನು ಕೈಗೆತ್ತಿಕೊಳ್ಳಿ. ಲ್ಯಾಮಿನಾರಿಗೆ 0.332, ರೆನಾಲ್ಡ್ಸ್ ಸಂಖ್ಯೆಯ ವರ್ಗಮೂಲ, ಟರ್ಬುಲೆಂಟಿಗೆ 0.0296, ಘಾತ 0.8. ಎರಡಕ್ಕೂ 5 ಲಕ್ಷ ಹಾಕಿ. ಟರ್ಬುಲೆಂಟ್ ಉತ್ತರ ನಾಲ್ಕೂವರೆ ಪಟ್ಟು ಜಾಸ್ತಿ! ಅದೇ ತಗಡು, ಅದೇ ಗಾಳಿ, ಅದೇ ಜಾಗ. ನಿಜವಾದ ಉತ್ತರ ಈ ಎರಡರ ನಡುವೆ ಎಲ್ಲೋ ಇರುತ್ತೆ, ಮತ್ತು ತಗಡಿನುದ್ದಕ್ಕೂ ಬದಲಾಗ್ತಾ ಹೋಗುತ್ತೆ.

ಹೇಗೆ ಬದಲಾಗುತ್ತೆ? ಇದು ನನಗೆ ಬಹಳ ಇಷ್ಟವಾದ ಭಾಗ. 1951ರಲ್ಲಿ ಹಾರ್ವರ್ಡಿನ ಎಮನ್ಸ್, ತೆಳ್ಳಗೆ ಹರಿಯುವ ನೀರಿನ ಹಾಳೆಯಲ್ಲಿ ಒಂದು ವಿಷಯ ಗಮನಿಸಿದರು. ನಯವಾದ ಹರಿವು ಒಮ್ಮೆಲೇ ಪೂರಾ ಕದಡೋದಿಲ್ಲ. ಅಲ್ಲೊಂದು ಇಲ್ಲೊಂದು ಕದಡಿದ ಮಚ್ಚೆ ಹುಟ್ಟುತ್ತೆ, ಹರೀತಾ ಹರೀತಾ ದೊಡ್ಡದಾಗುತ್ತೆ, ಪಕ್ಕದ ಮಚ್ಚೆಯ ಜೊತೆ ಸೇರಿಕೊಳ್ಳುತ್ತೆ. ಮುಂಗಾರಿನ ಮೊದಲ ಹನಿಗಳು ಅಂಗಳದ ಧೂಳಿನ ಮೇಲೆ ಬಿದ್ದಾಗ ಹನಿ ಹನಿ ಸೇರಿ ಅಂಗಳವೆಲ್ಲ ಒದ್ದೆಯಾಗುತ್ತಲ್ಲ, ಹೆಚ್ಚುಕಮ್ಮಿ ಹಾಗೆ. ಈ ಮಚ್ಚೆಗಳು ಎಲ್ಲಿ ಬೇಕಾದರೂ ಹುಟ್ಟಬಹುದು ಅನ್ನೋ ಊಹೆ ಇತ್ತು. ಇಲ್ಲ, ಹೆಚ್ಚುಕಡಿಮೆ ಒಂದೇ ಗೆರೆಯ ಆಸುಪಾಸಿನಲ್ಲಿ ಹುಟ್ಟುತ್ತವೆ ಅಂತ 1957ರಲ್ಲಿ ಹೇಳಿದವರು ರೊದ್ದಂ ನರಸಿಂಹ. ನಮ್ಮ ಬೆಂಗಳೂರಿನ ಹುಡುಗ, ಮೈಸೂರು ವಿಶ್ವವಿದ್ಯಾಲಯದ ಬಿಇ, ಆಗಿನ್ನೂ ಇಪ್ಪತ್ತನಾಲ್ಕರ ಆಸುಪಾಸು. ಮರುವರ್ಷ ಸತೀಶ್ ಧವನ್ ಜೊತೆ ಸೇರಿ, ಯಾವ ಜಾಗದಲ್ಲಿ ಎಷ್ಟು ಪಾಲು ಸಮಯ ಹರಿವು ಕದಡಿರುತ್ತೆ, ಅದರಿಂದ ಘರ್ಷಣೆ ಎಷ್ಟು ಅಂತ ಲೆಕ್ಕ ಹಾಕುವ ದಾರಿ ಕೊಟ್ಟರು. ಎಲ್ಲಾ ಆಗಿದ್ದು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. ಆ 'ಕದಡಿದ ಸಮಯದ ಪಾಲು' ಅನ್ನೋ ಕಲ್ಪನೆ ಇವತ್ತಿನ ಟ್ರಾನ್ಸಿಶನ್ ಮಾದರಿಗಳಲ್ಲೂ ಗ್ಯಾಮಾ ಅನ್ನೋ ಹೆಸರಲ್ಲಿ ಕೂತಿದೆ. ನಮಗೆ ಮಾತ್ರ ಧವನ್ ಅಂದರೆ ಶ್ರೀಹರಿಕೋಟಾದ ಬೋರ್ಡಿನ ಮೇಲಿನ ಹೆಸರು, ರಾಕೆಟ್ ಹಾರಿದ ದಿನ ವಾಟ್ಸಾಪ್ ಸ್ಟೇಟಸ್ಸು.

ಇರಲಿ, 'ಸೇಫ್ ಸೈಡ್'ಗೆ ಬರೋಣ. ವಾದ ಏನಂದರೆ, ಟರ್ಬುಲೆಂಟ್ ಅಂದುಕೊಂಡರೆ ಜಾಸ್ತಿ ಶಾಖ ತೋರಿಸುತ್ತೆ, ಜಾಸ್ತಿಗೆ ತಯಾರಾಗಿದ್ದರೆ ಅಪಾಯ ಇಲ್ಲ. ಜೆಟ್ ಎಂಜಿನ್ನಿನ ಟರ್ಬೈನ್ ಬ್ಲೇಡಿಗೆ ಇದು ಅರ್ಧ ಸತ್ಯ. ಅಲ್ಲಿ ಅನಿಲದ ತಾಪ ಲೋಹ ಕರಗುವ ತಾಪಕ್ಕಿಂತ ಹೆಚ್ಚು. ಲೋಹದ ತಾಪದ ಅಂದಾಜು 30 ಡಿಗ್ರಿ ತಪ್ಪಿದರೂ ಬ್ಲೇಡಿನ ಆಯಸ್ಸು ಅರ್ಧಕ್ಕೆ ಇಳಿಯಬಹುದು ಅನ್ನೋದು ಆ ರಂಗದಲ್ಲಿ ಎಲ್ಲರಿಗೂ ಗೊತ್ತಿರೋ ಮಾತು. ಶಾಖ ಜಾಸ್ತಿ ಅಂದುಕೊಂಡರೆ ತಂಪಿನ ಗಾಳಿಯನ್ನೂ ಜಾಸ್ತಿ ಕೊಡಬೇಕು. ಆ ಗಾಳಿ ಕಂಪ್ರೆಸರಿನಿಂದ ಕಿತ್ತು ತಂದದ್ದು, ಬಿಟ್ಟಿ ಅಲ್ಲ, ಇಂಧನಕ್ಕೆ ಬರೆ. ಇನ್ನೊಂದು ಮಜಾ ಕೇಳಿ. ಟ್ರಾನ್ಸಿಶನ್ ಮುಗಿಯುವ ಜಾಗದಲ್ಲಿ ಕದಡಿದ ಪದರ ಈಗಷ್ಟೇ ಹುಟ್ಟಿದ್ದು, ಇನ್ನೂ ತೆಳು. ಹಾಗಾಗಿ ಅಲ್ಲಿನ ನಿಜವಾದ ಶಾಖ, ಮುಂತುದಿಯಿಂದಲೇ ಟರ್ಬುಲೆಂಟ್ ಅಂತ ಹಾಕಿದ ಲೆಕ್ಕವನ್ನೂ ಸ್ವಲ್ಪ ಮೀರಬಹುದು. ಗರಿಷ್ಠ ಅಂತ ನಂಬಿಕೊಂಡಿದ್ದೇ ಗರಿಷ್ಠ ಅಲ್ಲ!

ಈಗ ಅದೇ ಎಂಜಿನಿಯರಿಗೆ ಮುಂದಿನ ತಿಂಗಳು ಸರ್ವರಿನ ಹೀಟ್ ಸಿಂಕ್ ಕೊಡಿ. ಅಭ್ಯಾಸಬಲ, ಮತ್ತೆ ಫುಲ್ಲಿ ಟರ್ಬುಲೆಂಟ್. ಅಲ್ಲಿ ರೆಕ್ಕೆಗಳ ನಡುವಿನ ಸಂದು ಒಂದೆರಡು ಮಿಲಿಮೀಟರ್, ರೆನಾಲ್ಡ್ಸ್ ಸಂಖ್ಯೆ ಎಷ್ಟೋ ಸಲ ಸಾವಿರದ ಆಸುಪಾಸು. ಅಂದರೆ ಹರಿವು ಲ್ಯಾಮಿನಾರ್. ಇಲ್ಲಿ ಶಾಖ ಹೊರಗೆ ಹೋಗಬೇಕು. ಲೆಕ್ಕ ಜಾಸ್ತಿ ತೋರಿಸಿತು ಅಂದರೆ, ಚಿಪ್ಪು ತಣ್ಣಗಿದೆ ಅಂತ ಕಾಗದದ ಮೇಲೆ ಸುಳ್ಳು ಹೇಳಿದ ಹಾಗೆ. ಬ್ಲೇಡಿಗೆ ಎಚ್ಚರಿಕೆಯಾಗಿದ್ದ ಆಯ್ಕೆ ಚಿಪ್ಪಿಗೆ ಅಪಾಯ. ಶಾಖ ಒಳಗೆ ಬರ್ತಿದೆಯೋ ಹೊರಗೆ ಹೋಗ್ತಿದೆಯೋ ಅಂತ ಕೇಳದೆ ಸೇಫ್ ಸೈಡ್ ಯಾವ ಕಡೆ ಅಂತ ಹೇಗ್ರೀ ಹೇಳ್ತೀರಿ?

"ಕ್ಲೈಂಟ್ ಕೇಳಿಲ್ಲ" ಅನ್ನೋ ಉತ್ತರ ನನಗೆ ಗೊತ್ತು, ಸಾಕಷ್ಟು ಸಲ ಕೇಳಿದ್ದೀನಿ. ಡೆಡ್‌ಲೈನ್ ಇರುತ್ತೆ, ಒಪ್ತೀನಿ. ಟ್ರಾನ್ಸಿಶನ್ ಮಾದರಿಗಳೂ ದೇವರಲ್ಲ. ಒಳಬರುವ ಗಾಳಿಯೇ ಎಷ್ಟು ಕದಡಿದೆ ಅಂತ ನೀವು ಹೇಳಬೇಕು, ಅದು ತಪ್ಪಿದರೆ ಮಚ್ಚೆಗಳು ಹುಟ್ಟುವ ಗೆರೆಯೂ ತಪ್ಪುತ್ತೆ. ಗೋಡೆಯ ಹತ್ತಿರ ಮೆಶ್ ನುಣ್ಣಗಿರಬೇಕು. ಆದರೆ ಮೆಂಟರ್ ಮತ್ತು ಲ್ಯಾಂಗ್‌ಟ್ರಿ ಮಾದರಿ ಓಪನ್‌ಫೋಮಿನಲ್ಲಿ ದುಡ್ಡಿಲ್ಲದೆ ಸಿಗುತ್ತೆ, ಹೆಚ್ಚಿಗೆ ಬಿಡಿಸಬೇಕಾದ್ದು ಎರಡು ಸಮೀಕರಣ. ಅದೂ ಆಗಲ್ಲ ಅಂದರೆ ಲ್ಯಾಮಿನಾರ್ ಒಂದು ಸಲ, ಟರ್ಬುಲೆಂಟ್ ಒಂದು ಸಲ ಓಡಿಸಿ, ಎರಡೂ ಸಂಖ್ಯೆಯನ್ನು ರಿಪೋರ್ಟಿನಲ್ಲಿ ಹಾಕಿ. ಅಂತರ ನಾಲ್ಕು ಪಟ್ಟು ಅಂತ ಕಂಡ ದಿನ ಕ್ಲೈಂಟ್ ತಾನಾಗಿ ಫೋನ್ ಮಾಡ್ತಾನೆ.